ಕೈಗುಣಕ್ಕೆ ಕಾಗದ

ಬೆನ್ನು ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗುವ ಕಾಲವೊಂದಿತ್ತು. ಮಗುವಿನ ತಲೆ ಮೊದಲು ಹೊರಬರುವುದು ಲೋಕರೂಢಿ. ಪಾದ ಮೊದಲು ಬಂತೆಂದರೆ ಆ ಮಗುವಿನ ಕಾಲಿಗೆ ಉಳುಕು ತೆಗೆಯುವ ಶಕ್ತಿ ಇರುತ್ತದೆಂದು ನಮ್ಮ ಹಳ್ಳಿಗಳಲ್ಲಿ ನಂಬಿದ್ದರು. ನೋವಿನವರು ಗೋಡೆಗೆ ಕೈಕೊಟ್ಟು ಬಗ್ಗಿ ನಿಲ್ಲಬೇಕು, ಹಾಗೆ ಹುಟ್ಟಿದ ಪುಣ್ಯವಂತ ಸೊಂಟಕ್ಕೆ ಮೆಲ್ಲಗೆ ಒದೆಯಬೇಕು. ಅವನ ಅರ್ಹತೆಗೆ ಸಾಕ್ಷಿ ಒಬ್ಬಳೇ, ಹೆರಿಗೆ ಮಾಡಿಸಿದ ಸೂಲಗಿತ್ತಿ. ಪರೀಕ್ಷೆ ಇಲ್ಲ, ಶುಲ್ಕ ಇಲ್ಲ, ಐದು ವರ್ಷಕ್ಕೊಮ್ಮೆ ನವೀಕರಣದ ರಗಳೆಯೂ ಇಲ್ಲ.

ಇಂಥ ಹುಟ್ಟುಪರವಾನಗಿಯಿಂದ ಹಿಡಿದು ನೋಂದಣಿ ಸಂಖ್ಯೆಯ ತನಕ ಬಂದ ದಾರಿ ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಟ್ಟಿಗೆ ನೂರು ವರ್ಷದ ಆಚೀಚಿನದು. ಅದೇ ಹೊತ್ತಿನಲ್ಲಿ ಅಮೆರಿಕದ ಮಿಸೌರಿಯಲ್ಲೂ ಇಂಗ್ಲೆಂಡಿನಲ್ಲೂ ಎಲುಬು ಕೂಡಿಸುವವರು ಇದೇ ಕಾಗದದ ಹಿಂದೆ ಬಿದ್ದಿದ್ದರು. ಅಲ್ಲಿನವರಿಗೆ ಅದು ಸಿಕ್ಕಿತು. ಘಟ್ಟದ ಮೇಲಿನವರಿಗೆ ಸಿಗಲಿಲ್ಲ. ಇದಕ್ಕೆ ಕೈಚಳಕದ ಹೆಚ್ಚುಕಡಿಮೆ ಕಾರಣವಾಗಿರಲಿಲ್ಲ.

ಈ ಮೂರು ತಾಲೂಕುಗಳಲ್ಲಿ ಎಲುಬು ಮುರಿಯುವುದಕ್ಕೆ ಅಡಕೆ ಮರವೇ ಸಾಕು. ಒಂದು ತೋಳಿನ ಅಳತೆಯ ಕಾಂಡ, ಅದರ ಮೇಲೆ ಅರವತ್ತು ಎಪ್ಪತ್ತು ಅಡಿ ಎತ್ತರ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಹತ್ತಬೇಕು, ಸುಗ್ಗಿಯಲ್ಲಿ ಕೊನೆ ಇಳಿಸಲು ಹತ್ತಬೇಕು. ಪಳಗಿದ ಕೊನೆಗೌಡ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ತುದಿಯಲ್ಲೇ ಮರವನ್ನು ಜೀಕಿ ಪಕ್ಕದ ಮರ ಹಿಡಿದು ದಾಟುತ್ತಾನೆ. ಹಾವಸೆ ಕಟ್ಟಿದ ಕಾಂಡ, ಮಳೆಯ ಹನಿ, ಸ್ವಲ್ಪ ಎಚ್ಚರ ತಪ್ಪಿದ ಕಾಲು, ಇಷ್ಟು ಸೇರಿದರೆ ಬಿದ್ದಂತೆಯೇ. ಬದುಕಿ ಉಳಿದವನನ್ನು ಹಿಂದಿನ ಕಾಲದಲ್ಲಿ ಕಂಬಳಿಯಲ್ಲಿ ಹೊತ್ತು ಒಯ್ಯುತ್ತಿದ್ದುದು ಎಲುಬು ಕಟ್ಟುವವರ ಜಗಲಿಗೆ.

ಜಗಲಿಯ ಮೇಲೆ ನಡೆಯುತ್ತಿದ್ದ ಕೆಲಸದಲ್ಲಿ ಮಾತು ಕಡಿಮೆ. ಮುಂಗೈ ಮುರಿದಿದೆ ಎಂದಿಟ್ಟುಕೊಳ್ಳಿ. ಕಟ್ಟುವವರು ಮೊದಲು ಎಣ್ಣೆ ಸವರಿ, ಹೆಬ್ಬೆರಳನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ಜಾರಿಸುತ್ತಾರೆ. ಬೆರಳು ಒಂದು ಕಡೆ ನಿಲ್ಲುತ್ತದೆ, ಎರಡು ತುದಿ ಒಂದರ ಮೇಲೊಂದು ಏರಿದ ಜಾಗ ಅದು. ಒಬ್ಬರು ಮೊಣಕೈ ಹಿಡಿಯುತ್ತಾರೆ, ಇನ್ನೊಬ್ಬರು ಹಸ್ತವನ್ನು ನೇರಕ್ಕೆ ಎಳೆಯುತ್ತಾರೆ. ಪೆಟ್ಟಾದವನಿಗೆ ಯಾರೋ ಅವನ ಮನೆಯ ಆಕಳು ಕರು ಹಾಕಿತೋ ಇಲ್ಲವೋ ಎಂದು ಕೇಳುತ್ತಾರೆ. ಅವನು ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಎಲುಬು ತನ್ನ ಜಾಗಕ್ಕೆ ಕೂತಿರುತ್ತದೆ. ಆಮೇಲೆ ಅರೆದ ಸೊಪ್ಪು, ಹಳೆ ಬಟ್ಟೆ, ಸುತ್ತ ಬಿದಿರಿನ ದಬ್ಬೆ. ಕೆಳಗೆ ಆಸರೆಗೆ ಅಡಕೆ ಹಾಳೆ: ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಬಗ್ಗುತ್ತದೆ, ಒಣಗಿದ ಮೇಲೆ ಹಲಗೆಯ ಹಾಗೆ ಬಿಗಿಯುತ್ತದೆ. ಕೊಡುವುದು ಎಲೆ ಅಡಕೆ, ಒಂದು ತೆಂಗಿನಕಾಯಿ. ಮದ್ದಿಗೆ ಬೆಲೆ ಕಟ್ಟಬಾರದು, ಬೇರಿನ ಹೆಸರು ಹೇಳಬಾರದು, ಹೇಳಿದರೆ ಫಲಿಸುವುದಿಲ್ಲ. ವಾಸಿಯಾದವನು ಊರಲ್ಲಿ ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು, “ಅವ್ರ ಕೈಗುಣ ಚೊಲೊ ಇದ್ದು.”

ಈ ಕಸುಬಿಗೆ ಶಾಸ್ತ್ರದ ನೆಂಟಸ್ತಿಕೆಯೂ ಉಂಟು. ಸುಶ್ರುತ ಸಂಹಿತೆ ಮುರಿತವನ್ನು 12 ಬಗೆ, ಕೀಲು ತಪ್ಪುವುದನ್ನು 6 ಬಗೆ ಎಂದು ವಿಂಗಡಿಸುತ್ತದೆ. ದಬ್ಬೆಗೆ ಅತ್ತಿ, ಅರಳಿ, ಮುತ್ತುಗ, ಆಲದ ತೊಗಟೆ ಮತ್ತು ಬಿದಿರು ಆದೀತು ಎನ್ನುತ್ತದೆ. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಕಟ್ಟಬೇಕೆಂಬುದೂ ಅದರಲ್ಲೇ ಇದೆ. ಕಟ್ಟು ಸಡಿಲಾದರೆ ಎಲುಬು ಕೂಡುವುದಿಲ್ಲ, ಅತಿ ಬಿಗಿಯಾದರೆ ಬಾವು ಬಂದು ಕೊಳೆಯುತ್ತದೆ ಎಂಬ ಎಚ್ಚರಿಕೆಯೂ ಇದೆ. ಜಗಲಿಯ ಕಸುಬಿನ ದೊಡ್ಡ ಅಪಾಯ ಇವತ್ತಿಗೂ ಅದೇ. ಬಿಗಿದ ದಬ್ಬೆಯ ಕೆಳಗೆ ರಕ್ತ ನಿಂತು, ಬೆರಳು ಕಪ್ಪಾಗಿ, ಕೊನೆಗೆ ಕೈಯನ್ನೇ ತೆಗೆಯಬೇಕಾಗಿ ಬಂದ ರೋಗಿಗಳನ್ನು ಭಾರತದ ಎಲುಬು ತಜ್ಞರು ಬೇಕಾದಷ್ಟು ಕಂಡಿದ್ದಾರೆ. ಕೈಗುಣವನ್ನು ಹೊಗಳುವಾಗ ಇದನ್ನು ಮರೆಯುವುದು ಸುಲಭ.

1801ರ ಮಾರ್ಚ್‌ನಲ್ಲಿ ಈ ದಾರಿಯಾಗಿ ಒಬ್ಬ ಡಾಕ್ಟರು ಬಂದಿದ್ದರು. ಫ್ರಾನ್ಸಿಸ್ ಬುಕಾನನ್, ಎಡಿನ್‌ಬರೋದಲ್ಲಿ 1783ರಲ್ಲಿ ಎಂ.ಡಿ. ಮುಗಿಸಿದವರು. ಟಿಪ್ಪುವಿನ ಪತನದ ನಂತರ ಕಂಪನಿಯ ಪಾಲಿಗೆ ಬಂದ ಸೀಮೆಯ ವರದಿ ಬರೆಯಲು ಹೊರಟ ಅವರು ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ ಹಾದುಹೋದರು. ಅಡಕೆ ತೋಟ, ಮೆಣಸಿನ ಬಳ್ಳಿ, ಗೊಬ್ಬರದ ಸೊಪ್ಪು ಎಲ್ಲವನ್ನೂ ಕೆದಕಿ ಕೇಳಿ ಬರೆದುಕೊಂಡರು. ಅವರ ಎಂ.ಡಿ.ಗೆ ಮಾತ್ರ ಅವರದೇ ನಾಡಿನಲ್ಲಿ ಆಗ ಸರ್ಕಾರಿ ಪಟ್ಟಿಯ ಬೆಂಬಲವಿರಲಿಲ್ಲ. ಬ್ರಿಟನ್ನಿನಲ್ಲಿ ವೈದ್ಯರ ರಿಜಿಸ್ಟರು ಶುರುವಾದದ್ದು 1858ರ ಕಾಯ್ದೆಯಿಂದ. ಅದಕ್ಕೂ ಮೊದಲು, 1736ರಲ್ಲಿ, ಎಪ್ಸಮ್ ಎಂಬ ಊರಿನವರು ಸ್ಯಾರಾ ಮ್ಯಾಪ್ ಎಂಬ ಎಲುಬು ಕೂಡಿಸುವ ಹೆಂಗಸನ್ನು ದುಡ್ಡು ಕೊಟ್ಟು ತಮ್ಮಲ್ಲೇ ಉಳಿಸಿಕೊಳ್ಳಲು ಹವಣಿಸಿದ್ದರು. ಅಂದರೆ ಬುಕಾನನ್ ಶಿರಸಿಯ ದಾರಿ ತುಳಿದ ದಿನ ಎರಡೂ ಕಡೆಯ ಎಲುಬು ಕಟ್ಟುವವರ ಸ್ಥಾನಮಾನದಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಅಲ್ಲಿಂದ 1956ರವರೆಗೆ ಶಿರಸಿಯ ಕಾಗದಪತ್ರಗಳೆಲ್ಲ ಮುಂಬಯಿಯ ಕಡೆಗೇ. ಡಾಕ್ಟರಿಕೆಯೂ ಅಷ್ಟೆ. 1912ರಲ್ಲಿ ಮುಂಬಯಿ ಪ್ರಾಂತ್ಯ ವೈದ್ಯಕೀಯ ಕಾಯ್ದೆ ತಂದು ಪಾಶ್ಚಾತ್ಯ ಪದ್ಧತಿಯ ಡಾಕ್ಟರುಗಳ ರಿಜಿಸ್ಟರು ತೆರೆಯಿತು. ಅದೇ ವರ್ಷ ಹುಟ್ಟಿದ ಮುಂಬಯಿಯ ಕಾಲೇಜ್ ಆಫ್ ಫಿಜಿಶಿಯನ್ಸ್ ಅಂಡ್ ಸರ್ಜನ್ಸ್ ಕೊಡುತ್ತಿದ್ದ ಎಲ್.ಸಿ.ಪಿ.ಎಸ್. ಎಂಬ ನಾಲ್ಕಕ್ಷರ ಆ ಪ್ರಾಂತ್ಯದ ಸಣ್ಣ ಊರುಗಳ ಬೋರ್ಡುಗಳ ಮೇಲೆ ಬಹುಕಾಲ ಮೆರೆಯಿತು. ಪದವಿಗಿಂತ ಒಂದು ಮೆಟ್ಟಿಲು ಕೆಳಗಿನ ಲೈಸೆನ್ಸು ಅದು. ಹಳ್ಳಿಯವರಿಗೆ ಆ ಮೆಟ್ಟಿಲು ಕಾಣಿಸುತ್ತಿರಲಿಲ್ಲ, ಸೂಜಿ ಮಾತ್ರ ಕಾಣಿಸುತ್ತಿತ್ತು. ಈ ಸೀಮೆಗೆ ಹೊರಗಿನಿಂದ ಬಂದವರನ್ನು ನಡುಗಿಸುತ್ತಿದ್ದುದು ಎಲುಬಲ್ಲ, ಮಲೆಜ್ವರ. ಮುಂಬಯಿ ಸರ್ಕಾರದ ಮಲೇರಿಯಾ ತಜ್ಞ ಡಿ.ಕೆ. ವಿಶ್ವನಾಥನ್ ಹಳ್ಳಿಗಳಿಗೆ ಡಿಡಿಟಿ ಸಿಂಪಡಿಸುವ ಕೆಲಸ ಶುರುಮಾಡಿದ್ದು ಕೆನರಾ (ಉತ್ತರ ಕನ್ನಡ) ಮತ್ತು ಧಾರವಾಡ ಜಿಲ್ಲೆಗಳಲ್ಲೇ, 1940ರ ದಶಕದ ನಡುವಿನಲ್ಲಿ. ಇಂಗ್ಲಿಷ್ ಔಷಧದ ಮೇಲೆ ಘಟ್ಟದವರ ವಿಶ್ವಾಸ ಗಟ್ಟಿಯಾಗಿದ್ದರಲ್ಲಿ ಅದರ ಪಾಲು ದೊಡ್ಡದು.

ಪಂಡಿತರ ಸರದಿ ಬಂದದ್ದು 1938ರಲ್ಲಿ. ಬಿ.ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿ ವೈದ್ಯವೃತ್ತಿ ಕಾಯ್ದೆ ತಂದಿತು. ಆರೋಗ್ಯ ಮಂತ್ರಿ ಡಾ. ಎಂ.ಡಿ.ಡಿ. ಗಿಲ್ಡರ್ ಸ್ವತಃ ಲಂಡನ್ನಿನಲ್ಲಿ ಓದಿದ ಹೃದ್ರೋಗ ತಜ್ಞರು. ಅಂಥವರ ಕೈಯಿಂದಲೇ ಆಯುರ್ವೇದ, ಯುನಾನಿಗಳಿಗೆ ಮಂಡಳಿಯೂ ರಿಜಿಸ್ಟರೂ ಆದವು. ರಿಜಿಸ್ಟರಿಗೆ ಸೇರಲು ಯೋಗ್ಯತೆ ಸಾಲದವರಿಗೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟರು. ಅದರ ಷರತ್ತು ವಿಚಿತ್ರ: 1941ರ ನವೆಂಬರ್ 4ರಂದು ತಾನು ಪ್ರಾಂತ್ಯದಲ್ಲಿ ವೈದ್ಯ ಮಾಡುತ್ತಿದ್ದೆ ಎಂದು ರುಜುವಾತು ಮಾಡಬೇಕು. ಹಾಗೆ ಪಟ್ಟಿಗೆ ಬಂದವನಿಗೆ ಮುಂದೆಯೂ ಮಾಡುವ ಹಕ್ಕು, ಬಾರದವನಿಗೆ ದಂಡ.

ಈಗ ಘಟ್ಟದ ಒಂದು ಜಗಲಿಯಲ್ಲಿ ಕೂತು ಇದನ್ನು ಓದಿಕೊಳ್ಳಬೇಕು. ರುಜುವಾತು ಅಂದರೆ ಏನು? ಕೂಲಿ ತೆಗೆದುಕೊಳ್ಳದವನ ಹತ್ತಿರ ರಸೀದಿ ಇರುವುದಿಲ್ಲ. ಹೆಸರು ಹೇಳಬಾರದ ಬೇರಿಗೆ ದಾಸ್ತಾನು ಪುಸ್ತಕ ಇರುವುದಿಲ್ಲ. ಅವನು ವರ್ಷವಿಡೀ ವೈದ್ಯನೂ ಅಲ್ಲ. ಉಳಿದ ದಿನ ಗದ್ದೆ, ಕೊಟ್ಟಿಗೆ. ಮನೆಯ ಮುಂದೆ ಬೋರ್ಡು ಹಾಕಿ, ಸಂಸ್ಕೃತ ಶ್ಲೋಕ ಹೇಳಿ, ಅರ್ಜಿ ಬರೆಯಬಲ್ಲ ಪಂಡಿತನಿಗೆ ಈ ಬಾಗಿಲು ಸುಲಭವಾಗಿ ತೆರೆಯಿತು. ಕಾಯ್ದೆಯ ಕಣ್ಣಿಗೆ ವೈದ್ಯ ಅಂದರೆ ಒಂದು ‘ಪದ್ಧತಿ’ಯವನು. ಬರೀ ಎಲುಬು ಕಟ್ಟುವವನು ಯಾವ ಪದ್ಧತಿಯವನು?

ಇದೇ ಪ್ರಶ್ನೆಗೆ ಮಿಸೌರಿಯಲ್ಲಿ ಒಬ್ಬ ಮನುಷ್ಯ ಬೇರೆಯೇ ಉತ್ತರ ಕೊಟ್ಟಿದ್ದ. ಆಂಡ್ರ್ಯೂ ಟೇಲರ್ ಸ್ಟಿಲ್, ಹುಟ್ಟಿದ್ದು 1828ರಲ್ಲಿ. 1864ರಲ್ಲಿ ಮೂವರು ಮಕ್ಕಳು ಮಿದುಳು ಪೊರೆಯ ಜ್ವರದಿಂದ ಸತ್ತರು. ತನ್ನ ಕಾಲದ ಔಷಧಗಳ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು. ಎಲುಬು, ಕೀಲು ನೇರವಾಗಿದ್ದರೆ ದೇಹ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ, ‘ಆಸ್ಟಿಯೊಪಥಿ’ ಎಂದು ಹೆಸರಾದ ಸಿದ್ಧಾಂತವನ್ನು 1874ರಲ್ಲಿ ಸಾರಿ, ಊರೂರು ತಿರುಗಿ ತನ್ನನ್ನು ‘ಮಿಂಚಿನ ಎಲುಬು ಕೂಡಿಸುವವ’ ಎಂದು ಜಾಹೀರು ಮಾಡಿಕೊಂಡ. ಇಲ್ಲಿಯವರೆಗೆ ಅವನಿಗೂ ನಮ್ಮ ಜಗಲಿಯವರಿಗೂ ಹೆಚ್ಚಿನ ಅಂತರವಿಲ್ಲ. ಅಂತರ ಬಿದ್ದದ್ದು 1892ರಲ್ಲಿ. ಅವನು ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಕಾಲೇಜು ತೆರೆದ. ಮೊದಲ ತಂಡದಲ್ಲಿ ಹೆಂಗಸರೂ ಇದ್ದರು. ಸರ್ಕಾರದ ಸನದು ಎಂ.ಡಿ. ಕೊಡಲೂ ಅನುಮತಿಸುತ್ತಿತ್ತು. ಸ್ಟಿಲ್ ಒಪ್ಪದೆ ತನ್ನದೇ ‘ಡಿ.ಓ.’ ಪದವಿ ಹುಟ್ಟುಹಾಕಿದ. ಗುಟ್ಟನ್ನು ಮಗನಿಗೆ ಮಾತ್ರ ಹೇಳುವ ಬದಲು ಶುಲ್ಕ ಕಟ್ಟಿದ ಯಾರಿಗೂ ಹೇಳಿಕೊಡುವುದು, ಹೇಳಿಕೊಟ್ಟದ್ದಕ್ಕೆ ಪರೀಕ್ಷೆ ಇಡುವುದು, ಪಾಸಾದವರು ಶಾಸನಸಭೆಯ ಬಾಗಿಲು ಬಡಿಯುವುದು: ಆಸ್ಟಿಯೊಪಥಿಯ ಗೆಲುವೆಲ್ಲ ಈ ಕ್ರಮದಲ್ಲಿದೆ.

ಬಾಗಿಲು ಒಂದೇ ಸಲಕ್ಕೆ ತೆರೆಯಲಿಲ್ಲ. ಮಿಸೌರಿಯ ಮಸೂದೆಯನ್ನು 1895ರಲ್ಲಿ ಗವರ್ನರು ತಿರಸ್ಕರಿಸಿದರು. 1896ರಲ್ಲಿ ವರ್ಮಂಟ್ ಮೊದಲು ಒಪ್ಪಿತು, ಮಿಸೌರಿ 1897ರಲ್ಲಿ. 1901ರಲ್ಲಿ ನ್ಯೂಯಾರ್ಕ್ ಶಾಸನಸಭೆಯ ಸಮಿತಿಯ ಮುಂದೆ ಆಸ್ಟಿಯೊಪಥಿಯವರ ಪರ ಮಾತಾಡಲು ಮಾರ್ಕ್ ಟ್ವೈನ್ ಬಂದ. ನನ್ನ ಮೈ ನನ್ನದು, ಅದನ್ನು ಯಾರ ಕೈಗೆ ಕೊಡಬೇಕೆಂಬುದೂ ನನ್ನದೇ ಇಷ್ಟ ಎಂಬುದು ಅವನ ವಾದದ ತಿರುಳು. ಜಗಲಿಗೆ ಹೋಗುವ ಶಿರಸಿಯ ಅಜ್ಜನೂ ಇದನ್ನೇ ಹೇಳಿಯಾನು. ಕೊನೆಯ ರಾಜ್ಯವಾದ ಮಿಸಿಸಿಪ್ಪಿ ಪೂರ್ಣ ಹಕ್ಕು ಕೊಟ್ಟದ್ದು 1973ರಲ್ಲಿ. ನಡುವೆ 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದದ್ದಂತೂ ತಮಾಷೆ. ಎರಡು ಸಾವಿರದಷ್ಟು ಡಿ.ಓ.ಗಳು 65 ಡಾಲರ್ ಶುಲ್ಕ ಕಟ್ಟಿ ಎಂ.ಡಿ. ಸರ್ಟಿಫಿಕೇಟು ಪಡೆದರು. ಹಿಂದಿನ ದಿನದ ತನಕ ‘ಕಳ್ಳ ವೈದ್ಯ’ರೆನಿಸಿಕೊಂಡವರು ಮರುದಿನ ಅದೇ ಕೈಯಿಂದ ಡಾಕ್ಟರಾದರು. ಇಂದು ಅಲ್ಲಿ ಲಕ್ಷಕ್ಕೂ ಹೆಚ್ಚು ಡಿ.ಓ.ಗಳಿದ್ದಾರೆ. ಔಷಧ ಬರೆಯುತ್ತಾರೆ, ಹೃದಯ ಕೊಯ್ಯುತ್ತಾರೆ, ಬೆನ್ನು ನೀವುವವರು ಅವರಲ್ಲಿ ಕಡಿಮೆ.

ಇಂಗ್ಲೆಂಡಿನ ಕತೆ ಕಹಿ. ಹರ್ಬರ್ಟ್ ಬಾರ್ಕರ್ ಎಂಬ ಎಲುಬು ಕೂಡಿಸುವವನು ಲಂಡನ್ನಿನಲ್ಲಿ ಪ್ರಸಿದ್ಧನಾಗಿದ್ದ. ಅವನ ರೋಗಿಗಳಿಗೆ ಅರಿವಳಿಕೆ ಕೊಡುತ್ತಿದ್ದ ನೋಂದಾಯಿತ ಡಾಕ್ಟರು ಫ್ರೆಡರಿಕ್ ಆಕ್ಸ್‌ಹ್ಯಾಮ್. ‘ಅನರ್ಹನಿಗೆ ನೆರವಾದ’ ತಪ್ಪಿಗೆ ವೈದ್ಯ ಪರಿಷತ್ತು 1911ರಲ್ಲಿ ಆಕ್ಸ್‌ಹ್ಯಾಮರ ಹೆಸರನ್ನೇ ರಿಜಿಸ್ಟರಿನಿಂದ ಹೊಡೆದುಹಾಕಿತು. 1922ರಲ್ಲಿ ಬಾರ್ಕರ್‌ಗೆ ಸರ್ ಪದವಿ ಬಂತು. ಆಕ್ಸ್‌ಹ್ಯಾಮ್ ಪರವಾಗಿ ಬರ್ನಾರ್ಡ್ ಶಾ ಕೂಡ ದನಿ ಎತ್ತಿದರೂ ಹೆಸರು ಮರಳಿ ಸೇರಲಿಲ್ಲ. ಮುದುಕ 1926ರಲ್ಲಿ ಪಟ್ಟಿಯ ಹೊರಗೇ ಸತ್ತ. ಆಸ್ಟಿಯೊಪಾತರ ಮಸೂದೆ 1935ರಲ್ಲಿ ಲಾರ್ಡ್ಸ್ ಸಭೆಯ ಸಮಿತಿಯ ಮುಂದೆ ಬಂದು ಮುಗ್ಗರಿಸಿತು. ಅವರಿಗೆ ಕಾಯ್ದೆ ದಕ್ಕಿದ್ದು 1993ರಲ್ಲಿ. ಅದೂ ಡಾಕ್ಟರೆಂದಲ್ಲ, ಆಸ್ಟಿಯೊಪಾತ್ ಎಂದು ಮಾತ್ರ.

ಹೀಗಾಗಿ ಒಂದೇ ಹೆಸರಿಗೆ ಎರಡು ಅರ್ಥ. ಅಮೆರಿಕದಲ್ಲಿ ಓದಿದವರು ಪೂರ್ಣ ವೈದ್ಯರು, ಬ್ರಿಟನ್ನಿನಲ್ಲಿ ಓದಿದವರು ಕೈಚಿಕಿತ್ಸಕರು. ಅಮೆರಿಕದ ಡಿ.ಓ.ಗಳನ್ನು ಡಾಕ್ಟರೆಂದು ಬ್ರಿಟನ್ನಿನ ವೈದ್ಯ ಪರಿಷತ್ತು ಒಪ್ಪಿದ್ದೇ 2005ರಲ್ಲಿ. ಬ್ರಿಟನ್ನಿನ ಆಸ್ಟಿಯೊಪಾತ್ ಅಮೆರಿಕಕ್ಕೆ ಹೋಗಿ ಡಾಕ್ಟರೆನ್ನುವಂತಿಲ್ಲ. ಶಿರಸಿಯ ಹುಡುಗನೊಬ್ಬ ಹೊರದೇಶದಲ್ಲಿ ಈ ವಿದ್ಯೆ ಕಲಿಯಲು ಹೊರಟರೆ ಯಾವ ದೇಶದ ಡಿ.ಓ. ಎಂಬುದನ್ನು ಮೊದಲು ನೋಡಿಕೊಳ್ಳಬೇಕು; ಆಮೇಲೆ ಪಶ್ಚಾತ್ತಾಪ ಪಟ್ಟು ಪ್ರಯೋಜನವಿಲ್ಲ.

ಕಡಲು ದಾಟಿದ ಮೇಲೆ ಬೆಲೆ ಕಳೆದುಕೊಳ್ಳುವ ಕಾಗದ ಎಂ.ಬಿ.ಬಿ.ಎಸ್.ಗೂ ಹೊಸದಲ್ಲ. ಭಾರತದ ವಿಶ್ವವಿದ್ಯಾಲಯಗಳ ವೈದ್ಯ ಪದವಿಗಳ ಮಾನ್ಯತೆಯನ್ನು ಬ್ರಿಟನ್ 1930ರಲ್ಲಿ ನಿಲ್ಲಿಸಿತು. ಹೆರಿಗೆ ಮಾಡಿಸುವ ತರಬೇತಿ ಸಾಲದೆಂಬುದು ಅವರ ಆಕ್ಷೇಪ. ಆ ಅವಮಾನದ ಬೆನ್ನಿಗೇ 1933ರ ಕಾಯ್ದೆಯಿಂದ ಭಾರತೀಯ ವೈದ್ಯ ಪರಿಷತ್ತು ಹುಟ್ಟಿತು, ಮುಂದೆ ಮಾನ್ಯತೆ ಮರಳಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದಾಗ ಘಟ್ಟದ ಹುಡುಗರಿಗೆ ಮುಂಬಯಿ, ಪುಣೆಯ ದಾರಿ ತಪ್ಪಿತು, ಲಂಡನ್ನಿನ ದಾರಿ ಹತ್ತಿರವಾಯಿತು. 1975ರಲ್ಲಿ ಬ್ರಿಟನ್ ಮತ್ತೆ ಬಾಗಿಲು ಹಾಕಿ, ಬರುವವರು ಪರೀಕ್ಷೆ ಬರೆದೇ ಬರಬೇಕೆಂದಿತು. ಅಮೆರಿಕ ಹೊರದೇಶದ ಡಾಕ್ಟರುಗಳಿಗೆ 1958ರಿಂದಲೇ ಪರೀಕ್ಷೆ ಇಡುತ್ತಿತ್ತು.

ಇತ್ತ 1956ರ ನವೆಂಬರ್‌ನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬಯಿಯ ಪಟ್ಟಿ ಹಿಂದೆ ಉಳಿಯಿತು. 1961ರಲ್ಲಿ ನಮ್ಮದೇ ನೋಂದಣಿ ಕಾಯ್ದೆ ಬಂತು. ಈಗ ಅದರ ಉದ್ದನೆಯ ಹೆಸರಿನಲ್ಲಿ ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಸಿದ್ಧ, ಯುನಾನಿ, ಯೋಗ ಎಲ್ಲವೂ ಇವೆ. ಎಲುಬು ಕಟ್ಟುವವರು ಇಲ್ಲ. 1970ರ ಕೇಂದ್ರ ಕಾಯ್ದೆ ಐದು ವರ್ಷದಿಂದ ವೈದ್ಯ ಮಾಡುತ್ತಿದ್ದವರಿಗೆ ಒಂದು ವಿನಾಯಿತಿ ಕೊಟ್ಟಿತ್ತು, ಆದರೆ ರಿಜಿಸ್ಟರೇ ಇಲ್ಲದ ರಾಜ್ಯಗಳಿಗೆ ಮಾತ್ರ. ಕರ್ನಾಟಕದಲ್ಲಿ ರಿಜಿಸ್ಟರು ಇತ್ತು. ಮುಂಚೆಯೇ ವ್ಯವಸ್ಥೆ ಮಾಡಿಕೊಂಡ ರಾಜ್ಯದ ನಾಟಿವೈದ್ಯರಿಗೆ ಆ ವ್ಯವಸ್ಥೆಯೇ ಅಡ್ಡಬಂತು. 2018ರ ಏಪ್ರಿಲ್‌ನಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪದವಿ ಮತ್ತು ನೋಂದಣಿ ಇಲ್ಲದವರು ವೈದ್ಯವೃತ್ತಿ ಮಾಡುವಂತಿಲ್ಲ ಎಂದು ಖಡಾಖಂಡಿತ ಹೇಳಿತು.

ಸಿದ್ದಾಪುರದಲ್ಲಿ ಈಗ ಧನ್ವಂತರಿ ಆಯುರ್ವೇದ ಕಾಲೇಜಿದೆ. ಅಲ್ಲಿ ಓದಿದವರು ಭಗ್ನ ಚಿಕಿತ್ಸೆಯ ಅಧ್ಯಾಯವನ್ನು ಪುಸ್ತಕದಲ್ಲಿ ಕಲಿತು, ನೋಂದಣಿ ಸಂಖ್ಯೆ ಪಡೆದು ಬರುತ್ತಾರೆ. ಕೆಲವು ಮೈಲಿ ಆಚೆ, ಆ ಅಧ್ಯಾಯದ ಹೆಸರೂ ಗೊತ್ತಿಲ್ಲದೆ ಅದನ್ನು ಕೈಯಲ್ಲಿ ಇಟ್ಟುಕೊಂಡವರು ಇದ್ದಾರೆ. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸುವ ಕೆಲಸವನ್ನು ಕಾಯ್ದೆ ಯೋಚಿಸಿದಂತಿಲ್ಲ. ಸ್ವಲ್ಪ ಹತ್ತಿರ ಬಂದದ್ದು ಭಾರತೀಯ ಗುಣಮಟ್ಟ ಪರಿಷತ್ತಿನ ಒಂದು ಯೋಜನೆ. ಬೆಂಗಳೂರಿನ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯ ಜೊತೆ ಸೇರಿ ಅದು ಪಾರಂಪರಿಕ ವೈದ್ಯರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ರೂಪಿಸಿತು. ಕಾಮಾಲೆ, ವಿಷದ ಕಡಿತ, ಸೂಲಗಿತ್ತಿಯ ಕೆಲಸಗಳ ಜೊತೆಗೆ ಎಲುಬು ಕಟ್ಟುವುದಕ್ಕೂ ಅದರಲ್ಲಿ ಪ್ರತ್ಯೇಕ ವಿಭಾಗವಿದೆ. ಗೌರವ ಕೊಡುವ ಕಾಗದ ಅದು; ವೈದ್ಯವೃತ್ತಿಯ ಕಾನೂನು ಹಕ್ಕು ಕೊಡುವ ಕಾಗದವಲ್ಲ.

ಘಟ್ಟದವರಿಗೆ ಕಾಗದದ ಬೆಲೆ ತಿಳಿಯದು ಎಂದು ಮಾತ್ರ ಯಾರೂ ಅಂದುಕೊಳ್ಳಬೇಕಿಲ್ಲ. ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಹಕ್ಕನ್ನು ಬ್ರಿಟಿಷರ ಅರಣ್ಯ ಇಲಾಖೆಯ ಜೊತೆ ಗುದ್ದಾಡಿ ಕಾಗದದ ಮೇಲೆ ಬರೆಸಿಕೊಂಡವರು ಇವರೇ. ತೋಟಕ್ಕೆ ಬೇಕಾದ ಸೊಪ್ಪಿಗೆ ಸಂಘ ಕಟ್ಟಿ ಅರ್ಜಿ ಹಾಕಬಹುದಿತ್ತು. ಅದೇ ಬೆಟ್ಟದ ತೊಗಟೆ, ಬೇರುಗಳಿಂದ ಆಗುವ ಮದ್ದಿಗೆ ಯಾರ ಸಂಘ? ಬೆಟ್ಟವೇ ಇಲ್ಲದ ಸಿದ್ದಿ, ಕುಣಬಿ ಮನೆಗಳ ವೈದ್ಯರಿಗಂತೂ ಕಾಡಿನಿಂದ ಬೇರು ಅಗೆಯುವುದೇ ಕಾನೂನಿನ ಭಯದ ಕೆಲಸವಾಯಿತು. ಶಿರಸಿ–ಕುಮಟಾ ದಾರಿಯ ದೇವಿಮನೆಯಲ್ಲಿ ಔಷಧಿ ಸಸ್ಯಗಳಿಗೆಂದೇ ಕಾಡಿನ ಒಂದು ಭಾಗವನ್ನು ಕಾಯ್ದಿರಿಸಿದ್ದಾರೆ. ಗಿಡಗಳಿಗೆ ಹೆಸರು ಸಿಕ್ಕಿತು, ವಿಳಾಸ ಸಿಕ್ಕಿತು.

ಮರದಿಂದ ಬೀಳುವವರೂ ಈಗ ಕಡಿಮೆಯಾಗುತ್ತಿದ್ದಾರೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದ ಮೇಲೆ ನಿಂತೇ ಮದ್ದು ಹೊಡೆಯುತ್ತಾರೆ, ಕೊನೆ ಕೊಯ್ಯುತ್ತಾರೆ. ಕತ್ತು ನೋಯುತ್ತದೆ, ಎಲುಬು ಉಳಿಯುತ್ತದೆ. ಬೈಕಿನಿಂದ ಬಿದ್ದವರು ಮೊದಲು ಶಿರಸಿಯ ಆಸ್ಪತ್ರೆಗೆ ಹೋಗುತ್ತಾರೆ. ರಾಡು ಹಾಕಬೇಕು, ಇಷ್ಟು ಖರ್ಚು ಎಂದು ಕೇಳಿ ಹೆದರಿದ ಕೆಲವರು ಅಲ್ಲಿಂದ ಎದ್ದು ಹಳೆಯ ಜಗಲಿಗೆ ಬರುತ್ತಾರೆ. ಎಲುಬು ಕಟ್ಟುವವರ ಕ್ರಮವೂ ಬದಲಾಗಿದೆ. ಎಣ್ಣೆ ಬಟ್ಟಲು ಕೈಗೆತ್ತಿಕೊಳ್ಳುವ ಮುಂಚೆ ಕೇಳುತ್ತಾರೆ, “ಎಕ್ಸ್‌ರೇ ತಂದಿದ್ದೀರಾ?” ಕವರಿನಿಂದ ಕಪ್ಪು ಹಾಳೆ ಹೊರಬರುತ್ತದೆ. ಅವರು ಅದನ್ನು ಅಂಗಳದ ಬೆಳಕಿಗೆ ಎತ್ತಿ ಹಿಡಿದು, ಮೂಲೆಯಲ್ಲಿ ಅಚ್ಚಾದ ಆಸ್ಪತ್ರೆಯ ಹೆಸರಿನ ಮೇಲೆ ಹೆಬ್ಬೆರಳಿಟ್ಟು, ಮುರಿದ ಗೆರೆಯನ್ನು ಹುಡುಕುತ್ತಾರೆ.